ಗಾಡಿಯೇರಿದ ಗುಂಡುಕಲ್ಲು

ಇಂಜಿನಿಯರ್ ವೀರಭದ್ರಯ್ಯನವರು ಹನ್ನೊಂದು ತಿಂಗಳ ಮಗಳಿಗೆ ಆಗಲೇ ಎರಡು ತಳ್ಳುಗಾಡಿ ಕೊಂಡಿದ್ದರು. "ಈ ಡಕೋಟವನ್ನು ಎಸಿ! ಇವತ್ತೇ ಮೂರನೆಯದು ಬರಬೇಕು" ಎಂದು ಆಯಾ ಚೌಡಮ್ಮನಿಗೆ ಗುಡುಗಿದರು.

"ಗಟ್ಟಿಮುಟ್ಟಾಗಿದೆ. ಅದು ಮನೆ ಬಿಟ್ಟರೆ ನೀನೂ ಬಿಟ್ಟೆ" ಎಂದರು ಅವರ ಹೆಂಡತಿ, ಚೌಡಮ್ಮನತ್ತಲೇ ಬೆರಳು ಮಾಡಿ.

ಚೌಡಮ್ಮ ಅಡುಗೆಮನೆಯಿಂದ ಒರಳಿನ ಗುಂಡುಕಲ್ಲು ತಂದು ಗಾಡಿಯಲ್ಲಿ ಕೂರಿಸಿದಳು.

"ನಾಮಕರಣದ ದಿನ ಅದನ್ನು ತೊಟ್ಟಿಲಿಗೆ ಹಾಕಿದ್ದು ಸಾಲದೇನೇ?" ಇಂಜಿನಿಯರ್ ನಕ್ಕರು.

"ಗಾಡಿ ಮಗುಚಬಾರದಲ್ಲ, ಸ್ವಾಮಿ." ಮಗುವನ್ನು ಗಾಡಿಯ ಹಿಂದೆ ನಿಲ್ಲಿಸಿ, ಸರಳು ಹಿಡಿಸಿ, ಮೆಲ್ಲಗೆ ಕೈಬಿಟ್ಟಳು.

ಮಗು ಒಂದು ಹೆಜ್ಜೆ ಇಟ್ಟಿತು. ಆಮೇಲೆ ಇನ್ನೊಂದು. ಕಲ್ಲು ಮುಂದೆ ಸವಾರಿ ಹೊರಟಿತು, ಮಗು ಹಿಂದೆ ನಡೆಯಿತು. ಇಂಜಿನಿಯರ್ ಕಣ್ಣು ತುಂಬಿ ಬಂತು.

"ಕೂರೋಳು ಇಳಿದುಬಿಟ್ಟಳು, ಸ್ವಾಮಿ" ಎಂದಳು ಚೌಡಮ್ಮ. "ಹೊಸದು ಕಲ್ಲಿಗೆ ತರಲಾ?"