ಹೊರಗಡೆಯ ಚಿಲಕ

ಶಿಷ್ಯ ಮಾನಪ್ಪ ಕೇಳಿದ: "ಗುರುಗಳೇ, ಚಕ್ಕಡಿ ಮಾಡಿದ ಕೈ ಲಾರಿಗೆ ಬಾಡಿ ಕಟ್ಟಬಲ್ಲದೇ?"

ಕೇಳಿದ್ದು ಒಂದು, ಬೇಕಾದದ್ದು ಇನ್ನೊಂದು. ಹೊಸಪೇಟೆಯಲ್ಲಿ ಲಾರಿ ಕೆಲಸಕ್ಕೆ ಅವನಿಗೊಂದು ಶೆಡ್ಡು ಸಿಕ್ಕಿತ್ತು. ಎತ್ತಿನ ಗಾಡಿ ಮಾಡುವ ನಮ್ಮ ಕಸುಬಿನಲ್ಲಿ, ಮರ ಕೆತ್ತುವ ಬಾಚಿಯನ್ನು ಗುರು ತನ್ನ ಕೈಯಾರೆ ಕೊಡುವವರೆಗೆ ಶಿಷ್ಯ ಬೇರೆ ಕೆಲಸ ಹಿಡಿಯುವಂತಿಲ್ಲ. ಬಾಚಿ ನನ್ನ ಮಗ್ಗುಲಲ್ಲೇ ಇತ್ತು. ಅದರ ಮೇಲೆ ನನ್ನ ಕೈ ಇತ್ತು. ಅವನಂಥ ಕೆಲಸಗಾರ ಹೋದರೆ ನನಗೆ ಇನ್ನೊಬ್ಬ ಸಿಗುವುದಿಲ್ಲ.

ನಾನು ಹೇಳಿದೆ:

ಅಮೆರಿಕದಲ್ಲಿ ಕಾರು ಹುಟ್ಟಿದಾಗ ನಾನು ಅಲ್ಲೇ ಇದ್ದೆ. ಅದರ ಗಾಲಿಗೆ ಮೊದಲು ಎಣ್ಣೆ ಬಿಟ್ಟವನೇ ನಾನು. ನಮ್ಮ ಚಕ್ಕಡಿಯ ಕೀಲೆಣ್ಣೆಯನ್ನು ಒಂದು ಗಡಿಗೆ ತುಂಬ ಹೊತ್ತುಕೊಂಡು ಹೋಗಿದ್ದೆ. ಅದಿಲ್ಲದಿದ್ದರೆ ಆ ಕಾರು ಇವತ್ತಿಗೂ ನಿಂತಲ್ಲೇ ನಿಂತಿರುತ್ತಿತ್ತು. ಸುಳ್ಳು ಅನ್ನಿಸಿದರೆ ಅಲ್ಲಿದ್ದವರನ್ನು ಕೇಳು. ಅವರಲ್ಲಿ ಒಬ್ಬರೂ ಉಳಿದಿಲ್ಲ, ಆ ಮಾತು ಬೇರೆ.

ಅಲ್ಲಿ ಪಂಜರ ಮಾಡುವವನೊಬ್ಬನಿದ್ದ. ಅವನ ಪಂಜರದಿಂದ ಒಂದು ಗುಬ್ಬಿಯೂ ತಪ್ಪಿಸಿಕೊಂಡದ್ದಿಲ್ಲ. ಕಾಲ ಬದಲಾಯಿತು, ಜನ ಹಕ್ಕಿ ಸಾಕುವುದನ್ನು ಬಿಟ್ಟರು. ಅವನು ಅದೇ ತಂತಿಯಿಂದ ಸೈಕಲ್ ಗಾಲಿಯ ಕಡ್ಡಿ ಮಾಡಿದ. ಆಮೇಲೆ ಊರಿಗೆ ಊರೇ ಅದೇ ಕಡ್ಡಿ ಮಾಡತೊಡಗಿತು, ಅವನ ವ್ಯಾಪಾರ ಬಿತ್ತು. ಕಡೆಗೆ ಮನೆಯಲ್ಲಿ ಇದ್ದುದನ್ನೆಲ್ಲ ಮಾರಿ ಒಂದು ಕಾರು ಕಟ್ಟಿದ. ಅದನ್ನು ನೋಡಲು ಪೇಟೆಯ ವ್ಯಾಪಾರಿಯೊಬ್ಬ ಬಂದ. ಅವನು ಒಪ್ಪಿದರೆ ಅಂಗಡಿ ಉಳಿಯುತ್ತದೆ. ಇಲ್ಲವಾದರೆ ಮುಚ್ಚಬೇಕು.

ಓಡಿಸುವವನ ಜಾಗ ಮುಂದೆ, ಬಯಲಿಗೆ. ಹಿಂದೆ ಡೋಲಿಯಂಥ ಒಂದು ಪೆಟ್ಟಿಗೆ, ಅದಕ್ಕೊಂದು ಬಾಗಿಲು, ಕಿಟಕಿಗೆ ತಂತಿ. ವ್ಯಾಪಾರಿ ಒಳಗೆ ಕೂತ. ಪಂಜರದವನು ಬಾಗಿಲು ಹಾಕಿ ಊರು ಸುತ್ತಿಸಿಕೊಂಡು ಬಂದ. ಎತ್ತಿಲ್ಲ, ಕುದುರೆಯಿಲ್ಲ, ಗಾಡಿ ಓಡಿತು! ಅಂಗಡಿಯ ಮುಂದೆ ಜನ ಮುತ್ತಿದರು. ಪಂಜರದವನು ಕೆಳಗೆ ಹಾರಿ, ಅವರ ಮುಂದೆ ಕೊಚ್ಚಿಕೊಳ್ಳುತ್ತ ನಿಂತ.

ಒಳಗಿದ್ದವನು ಬಾಗಿಲು ತಳ್ಳಿದ. ತೆರೆಯಲಿಲ್ಲ. ಚಿಲಕ ಹೊರಗಡೆ ಇತ್ತು. ಕಿಟಕಿಯಲ್ಲಿ ಕೈ ಹಾಕಿದರೆ ತಂತಿಗಳ ನಡುವೆ ಎರಡು ಬೆರಳು ಮಾತ್ರ ತೂರಿದವು. ಪಾಪ, ಪಂಜರದವನ ಕೈಗೆ ಬೇರೆ ಬಾಗಿಲೇ ಗೊತ್ತಿರಲಿಲ್ಲ.

ವ್ಯಾಪಾರಿ ಕೂಗಿದ: "ಅಯ್ಯಾ, ಕೂಡಿ ಹಾಕಿದ್ದು ಆಯಿತು. ಇನ್ನು ಒಂದು ಹಿಡಿ ನವಣೆ ಚೆಲ್ಲಿಬಿಡು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರಿ ಇಳಿದವನೇ ಹಿಂತಿರುಗಿ ನೋಡದೆ ಹೋದ.

ಇಷ್ಟು ಹೇಳಿ ನಾನು ನಿಲ್ಲಿಸಿದೆ. "ಕೇಳಿದೆಯಲ್ಲ, ಮಾನಪ್ಪ. ಕೈ ಕಲಿತದ್ದನ್ನು ಬಿಡುವುದಿಲ್ಲ. ಚಕ್ಕಡಿ ನಿನಗೆ ಒಗ್ಗಿದೆ. ಇಲ್ಲೇ ಇರು."

ಅವನು ಏಳಲಿಲ್ಲ. "ಆಮೇಲೆ ಅವನು ಮತ್ತೆ ಪಂಜರಕ್ಕೇ ಹೋದನೇ, ಗುರುಗಳೇ?"

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೇಳುವವನು ಕೂತಿರುವಾಗ ನನ್ನ ಬಾಯಿ ಸುಮ್ಮನಿರುವುದಲ್ಲ. ಹೇಳಿದೆ:

ಇಲ್ಲ. ಅವನು ಪಂಜರ ಮಾಡಲು ಮತ್ತೆ ತಂತಿ ಹಿಡಿದಾಗ ಹೆಂಡತಿ ಬಂದು ಕೇಳಿದಳು: "ಇಷ್ಟು ವರ್ಷ ಮಾಡಿದಿರಲ್ಲ, ಒಂದು ದಿನವಾದರೂ ಒಳಗೆ ಕೂತು ನೋಡಿದಿರಾ?" ಅವನು ಎದ್ದು ಹೋಗಿ ಕಾರಿನೊಳಗೆ ಕೂತ. ಅವಳೇ ಚಿಲಕ ಹಾಕಿದಳು. ಅವನು ತಳ್ಳಿದ, ಬಡಿದ, ಬೆವೆತ. ಅವಳು ರೊಟ್ಟಿ ತಟ್ಟಿ ಮುಗಿಸಿ ಬಂದು ತೆಗೆದಳು. ಇಳಿದವನು ಉಣ್ಣಲಿಲ್ಲ. ಮೊದಲು ಚಿಲಕ ಕಿತ್ತು ಒಳಗಡೆಗೆ ಬಡಿದ. ಆಮೇಲೆ ವ್ಯಾಪಾರಿಯ ಮನೆ ಬಾಗಿಲಿಗೇ ಕಾರು ಒಯ್ದ. ವ್ಯಾಪಾರಿ ಕೂತ, ತಾನೇ ಚಿಲಕ ಹಾಕಿಕೊಂಡ, ತಾನೇ ತೆಗೆದ, ಮತ್ತೆ ಹಾಕಿಕೊಂಡ, ಒಪ್ಪಿದ. ಅಲ್ಲಿಂದ ಆ ಅಂಗಡಿ ಕಾರ್ಖಾನೆಯಾಗಿ ಬೆಳೆಯಿತು ನೋಡು, ಹೊಗೆಗೊಳವೆ ಮೋಡಕ್ಕೆ ತಾಗುವಷ್ಟು!

ಮಾನಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನ ಕೈ ಎಲ್ಲಿದೆ ಎಂದು ನೋಡಿದ. ಅದು ಬಾಚಿಯ ಮೇಲೇ ಇತ್ತು.

"ಗುರುಗಳೇ, ಅಮೆರಿಕಕ್ಕೆ ಸಮುದ್ರ ದಾಟಬೇಕು. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದರೆ ನೀವು ಕಣ್ಣು ಮುಚ್ಚಿ ನನ್ನ ತೋಳು ಹಿಡಿದುಕೊಳ್ಳುತ್ತೀರಿ. ಆಚೆ ದಡ ಬಂತೆಂದು ನಾನು ಹೇಳುವವರೆಗೂ ಬಿಡುವುದಿಲ್ಲ. ನೀವು ಯಾವಾಗ ಹೋಗಿ ಬಂದಿರಿ?"

ನಾನು ಭುಜ ಕುಣಿಸಿದೆ. ಬಾಚಿಯನ್ನು ಎತ್ತಿ, ಹಿಡಿ ಅವನ ಕಡೆಗೆ ಬರುವಂತೆ ಅವನ ಮುಂದೆ ಇಟ್ಟೆ.

"ಹೋಗಿರಲಿಲ್ಲ ಅಂತಲೇ ಇಟ್ಟುಕೋ, ನೀನು ಹೊಸಪೇಟೆಗೆ ಹೋಗಿ ನೋಡು, ಚಿಲಕ ತೆಗೆದಿದೆ."