ಇಳಿತದಲ್ಲಿ ನೋಡಿದ ಮನೆ

ಖಾಲಿ ಶಂಖಗಳೊಳಗೆ ವಾಸಿಸುವ ಜಾತಿಯ ಮುದಿ ಏಡಿಯೊಂದು ಬಂಡೆಸಂದಿನ ಇಕ್ಕಟ್ಟಿಗೆ ಬೇಸತ್ತು, ಕೊನೆಗಾಲವನ್ನು ಆಚೆಯ ಮರಳುದಿಬ್ಬದಲ್ಲಿ ಕಳೆಯಲು ನಿಶ್ಚಯಿಸಿತು. ಸಮುದ್ರ ಇಳಿದಿದ್ದಾಗ ನೆರೆಯ ಏಡಿಯನ್ನು ಜೊತೆಗೆ ಕರೆದೊಯ್ದು, ಅಲ್ಲಿ ಬಿದ್ದಿದ್ದ ದೊಡ್ಡ ಶಂಖದೊಳಗೆ ಕಾಲು ಚಾಚಿ ಮೂಲೆಮೂಲೆಯನ್ನೂ ತಡವಿ ನೋಡಿತು.

"ಎಷ್ಟು ವಿಶಾಲ! ಎಂಥ ಬಿಸಿಲು!" ಎಂದಿತು.

"ಅಣ್ಣಯ್ಯ, ಭರತದಲ್ಲಿ ನೀರೇರಿದಾಗಲೂ ಒಮ್ಮೆ ಬಂದು ನೋಡೋಣ. ಹಳೆಯದನ್ನು ಆಮೇಲೆ ಬಿಡಿ," ಎಂದಿತು ನೆರೆಯ ಏಡಿ.

"ನೋಡಿದ್ದಾಯಿತಲ್ಲ! ನಿನ್ನದು ಯಾವಾಗಲೂ ಅಡ್ಡಮಾತು." ಮುದಿ ಏಡಿ ಹಳೆಯ ಶಂಖದಿಂದ ಕಳಚಿಕೊಂಡು ಹೊಸದನ್ನು ಹೊಕ್ಕಿತು.

ಬಿಟ್ಟ ಶಂಖ ಪಕ್ಕದಲ್ಲಿದ್ದವರಿಗೆ ಸೇರುವುದು ಏಡಿಗಳ ಕಟ್ಟಳೆ. ನೆರೆಯದು ಅದರೊಳಗೆ ಸೇರಿಕೊಂಡು ಬಂಡೆಸಂದಿಗೆ ಮರಳಿತು.

ಸಂಜೆ ಭರತ ಬಂತು. ಆತುಕೊಳ್ಳಲು ಒಂದು ಕಲ್ಲೂ ಇಲ್ಲದ ದಿಬ್ಬದಲ್ಲಿ ದೊಡ್ಡ ಶಂಖ ತೆರೆತೆರೆಗೂ ಉರುಳಿತು. ನೀರಿಳಿದ ಮೇಲೆ ಮುದಿ ಏಡಿ ಅದನ್ನು ಎಳೆದುಕೊಂಡು ಹಳೆಯ ಸಂದಿಗೆ ಬಂದರೆ, ಶಂಖ ಒಳಗೆ ಹಿಡಿಸಲಿಲ್ಲ.

"ತಮ್ಮಾ, ನನ್ನ ಮನೆ..."

"ಈಗ ಇದು ನನ್ನ ಮೈಗೆ ಕೂತುಬಿಟ್ಟಿದೆ, ಅಣ್ಣಯ್ಯ."

ಮುದಿ ಏಡಿ ಸಂದಿನ ಹೊರಗೇ ಕುಳಿತಿತು. ಮತ್ತೆ ನೀರೇರತೊಡಗಿತ್ತು.

"ಇಕ್ಕಟ್ಟು, ಇಕ್ಕಟ್ಟು ಎಂದು ಬೈಯುತ್ತಿದ್ದೆ," ಎಂದಿತು. "ಇಷ್ಟು ದಿನ ನನ್ನನ್ನು ಹಿಡಿದುಕೊಂಡಿದ್ದು ಅದೇ."