ಮಡಿಲು ಕೊಡವಿದ ದಿಣ್ಣೆ

ಹುಣಸೆಕುಪ್ಪೆಯಿಂದ ಮೂಡಲಿಗೆ ಹೋಗುವ ಗಾಡಿದಾರಿಯ ಬಲಕ್ಕೆ ಒಂದು ಮಣ್ಣುದಿಣ್ಣೆಯಿದೆ. ಸುತ್ತಲ ಹೊಲಗಳಿಗೆ ಈಗ ಕಳೆನಾಶಕ ಹೊಡೆದು ಹುಲ್ಲುಕಡ್ಡಿಯೂ ಏಳದಂತೆ ಮಾಡಿದ್ದಾರೆ. ದಿಣ್ಣೆಯ ಮೇಲೆ ಮಾತ್ರ ಮಳೆ ಬಿದ್ದೊಡನೆ ಅಣ್ಣೆ, ಗೋಣಿ, ಕೀರೆ, ಗಣಿಕೆ ಸೊಪ್ಪುಗಳು ಕಾಲಿಡಲು ಜಾಗವಿಲ್ಲದಂತೆ ಬೆಳೆಯುತ್ತವೆ. ಇದನ್ನು ಮಡಿಲು ಕೊಡವಿದ ದಿಣ್ಣೆ ಎನ್ನುತ್ತಾರೆ. ಹೆಸರು ಕೇಳಿ, ಯಾವುದೋ ದೇವತೆಯ ಮಹಿಮೆಯಿರಬೇಕೆಂದು ಹೊಸಬರು ಕೈಮುಗಿಯುವುದುಂಟು. ಮಹಿಮೆಯೂ ಇಲ್ಲ, ಮಣ್ಣೂ ಇಲ್ಲ. ಒಬ್ಬ ಮನುಷ್ಯನ ಸಣ್ಣತನ ಅಷ್ಟೆ.

ಹಿಂದೆ ಒಮ್ಮೆ ಈ ಬಯಲೆಲ್ಲ ಪಟೇಲ ಚಿಕ್ಕೀರಪ್ಪನದಾಗಿತ್ತಂತೆ. ರಾಗಿಹೊಲದ ಕಳೆ ಕೀಳುವ ಹೆಂಗಸರಿಗೆ ಕೂಲಿಯೆಂದರೆ ಸುಗ್ಗಿಯಲ್ಲಿ ಅಳೆದುಕೊಡುವ ರಾಗಿ. ಕಿತ್ತ ಕಳೆಯಲ್ಲಿ ತಿನ್ನುವಂಥ ಸೊಪ್ಪನ್ನು ಮಡಿಲಿಗೆ ಕಟ್ಟಿಕೊಳ್ಳುವುದು ಅಜ್ಜಿಯರ ಕಾಲದಿಂದ ಬಂದ ಹಕ್ಕು. ಚಿಕ್ಕೀರಪ್ಪನಿಗೆ ಅದೂ ಕಣ್ಣಿಗೆ ಕಿಸುರಾಯಿತು. ತನ್ನ ನೆಲದಲ್ಲಿ ಹುಟ್ಟಿದ್ದೆಲ್ಲ ತನ್ನದೇ ಎಂದು, ಸಂಜೆ ಮನೆಗೆ ಹೊರಟವರನ್ನು ದಿಣ್ಣೆಯ ಮೇಲೆ ನಿಲ್ಲಿಸಿ ಮಡಿಲು ಕೊಡವಿಸತೊಡಗಿದ. ಬಿದ್ದ ಸೊಪ್ಪನ್ನು ದನಕ್ಕೂ ಹಾಕಲಿಲ್ಲ. ತಾನೂ ತಿನ್ನ, ಪರರಿಗೂ ಕೊಡ ಎಂಬ ಪೈಕಿಯವನು. ಆ ಸಾಲಿನಲ್ಲಿ ದ್ಯಾವೀರಮ್ಮನೆಂಬ ವಿಧವೆಯಿದ್ದಳು. ಅವಳ ಬಾಣಂತಿ ಮಗಳಿಗೆ ಎದೆಹಾಲು ಬತ್ತಿ, ಹಸುಗೂಸಿಗೆ ಅಳುವ ತ್ರಾಣವೂ ಉಳಿದಿರಲಿಲ್ಲ. ಎದೆಹಾಲು ಹೆಚ್ಚಿಸುವ ಹಾಲೆಸೊಪ್ಪು ಅಂದು ಬದುವಿನಲ್ಲಿ ಸಿಕ್ಕಿದ್ದು ಒಂದೇ ಹಿಡಿ.

“ಇದೊಂದ್ ಹಿಡಿ ಬುಟ್ಬುಡಿ ಬುದ್ಧಿ, ಕೂಸ್ಗೆ,” ಎಂದಳು.

“ಕೊಡವಮ್ಮಿ,” ಎಂದನಂತೆ ಚಿಕ್ಕೀರಪ್ಪ.

ಕೊಡವಿದಳು. ಮೂರನೆಯ ದಿನ ಕೂಸು ತೀರಿಕೊಂಡಿತು.

ಮರುವರ್ಷ ಹೆಂಗಸರು ಎಂದಿನಂತೆ ಹೊಲಕ್ಕಿಳಿದರು. ಎಳೆಯ ರಾಗಿಗೂ ಕಾಡುರಾಗಿಗೂ ಮೇಲ್ನೋಟಕ್ಕೆ ಭೇದವಿಲ್ಲ. ಬುಡ ಚಪ್ಪಟೆಯಾಗಿ ಬೆಳ್ಳಗಿದ್ದರೆ ಕಳೆ ಎಂಬುದು ಕೀಳುವ ಬೆರಳಿಗಷ್ಟೇ ಗೊತ್ತು. ಚಿಕ್ಕೀರಪ್ಪ ಎಂದೂ ಬಗ್ಗಿ ಕಿತ್ತವನಲ್ಲ. ದ್ಯಾವೀರಮ್ಮ ಮುಂದಾದಳು, ಉಳಿದವರೂ ಅವಳಂತೆಯೇ ರಾಗಿಯನ್ನು ಕಿತ್ತು ಕಳೆಯನ್ನು ಉಳಿಸಿದರು. ತೆನೆ ಬಂದಾಗ ಪಟೇಲ ಎದೆ ಬಡಿದುಕೊಂಡನೆನ್ನುತ್ತಾರೆ. ಆದರೆ ತಮ್ಮ ಕೂಲಿಯೂ ಅದೇ ರಾಗಿಯಿಂದ ಬರಬೇಕೆಂಬುದನ್ನು ಸಿಟ್ಟಿನಲ್ಲಿ ಅವರು ಮರೆತಿದ್ದರು. ಅವನ ಹಗೇವಿನಲ್ಲಿ ಹಳೆಯ ರಾಗಿಯಿತ್ತು, ಇವರ ಮಡಕೆಯಲ್ಲಿರಲಿಲ್ಲ. ಮುಂಗಾರಿನಲ್ಲಿ ಅವರ ಜೀವ ಹಿಡಿದದ್ದು ಪಟೇಲನ ಕಣ್ಣು ತಪ್ಪಿಸಿ ಕಿತ್ತ ದಿಣ್ಣೆಯ ಸೊಪ್ಪು, ತಾವೇ ಕೊಡವಿದ ಬೀಜದಿಂದ ಹುಟ್ಟಿದ್ದು. ದ್ಯಾವೀರಮ್ಮ ಮಾತ್ರ ದಿಣ್ಣೆ ಹತ್ತಲಿಲ್ಲ, ಒಂದೆಲೆ ಮುಟ್ಟಲಿಲ್ಲ. ಮುಂದಿನ ಸುಗ್ಗಿಯನ್ನು ಅವಳು ಕಾಣಲಿಲ್ಲ.

ಸೊಪ್ಪು ಕುಯ್ಯುವ ಹೆಂಗಸರನ್ನು ಈಗಲೂ ಅಲ್ಲಿ ನೋಡಬಹುದು. ಹಾಲೆಸೊಪ್ಪೂ ಧಾರಾಳವಾಗಿ ಹಬ್ಬಿದೆ. ಅದನ್ನು ಯಾರೂ ಕೀಳುವುದಿಲ್ಲ. ಪಟೇಲಿಕೆ ಹೋಗಿ ಎಷ್ಟೋ ಕಾಲವಾಯಿತು, ತಡೆದು ಕೇಳುವವರಿಲ್ಲ. ಆದರೂ ಇಳಿಯುವಾಗ ಅವರು ಮಡಿಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೇ ಇಳಿಯುತ್ತಾರೆ.